ಕಲಾಯಿ ಹೋದ ಪಾತ್ರೆಯ ಮಾವಿನ ಹೂರಣ

ಹಿತ್ತಲಿನ ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕುಳಿತು ನಮ್ಮ ಮಹಿಳಾ ಸಂಘದ ರೇವಮ್ಮನವರ ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ತಿಕ್ಕುತ್ತಿದ್ದೆ. ನಮ್ಮವ್ವ ಕಾವೇರಮ್ಮ ಪಕ್ಕದಲ್ಲೇ ಕುಳಿತು ದೋರೆಗಾಯಿ ಮಾವಿನ ಸಿಪ್ಪೆ ಹೆರೆಯುತ್ತಿದ್ದಳು. ಪಾತ್ರೆಯ ಹೊರಮೈ ಸ್ವಲ್ಪ ಹೊತ್ತಿಗೇ ಬಂಗಾರದ ಬಣ್ಣಕ್ಕೆ ತಿರುಗಿತು. ಒಳಗೆ ಕೈ ಹಾಕಿ ತಿಕ್ಕಿದೆ. ಒಳಮೈಯೂ ಬಂಗಾರದ ಬಣ್ಣಕ್ಕೆ ತಿರುಗಿತು.

ಅದು ತಿರುಗಬಾರದು. ಹಿತ್ತಾಳೆ ಪಾತ್ರೆಯ ಒಳಗೆ ತವರದ ಕಲಾಯಿ ಬಿಳಿಯಾಗಿ ಕಾಣಬೇಕು. ಕಲಾಯಿ ಇಲ್ಲದ ಪಾತ್ರೆಯಲ್ಲಿ ಹುಳಿ ಇಟ್ಟರೆ ಕಿಲುಬು ಏಳುತ್ತದೆ, ಬಾಯಿಗಿಟ್ಟರೆ ಕಹಿ. ಇದು ಒಂದು ಕಾಲಕ್ಕೆ ಊರಿನ ಎಲ್ಲ ಹೆಂಗಸರಿಗೂ ಗೊತ್ತಿತ್ತು. ಆದರೆ ವರ್ಷಕ್ಕೆರಡು ಸಲ ಬಂದು ಕಲಾಯಿ ಹಾಕುತ್ತಿದ್ದ ನಿಯಾಜ್ ಸಾಬರು ಒಲೆಗೆ ಗಾಳಿ ಊದುವ ತಿದಿಯನ್ನು ಅಟ್ಟಕ್ಕೆ ಎಸೆದು, ಹಾರೋಹಳ್ಳಿಯ ಫ್ಯಾಕ್ಟರಿಯೊಂದರ ಗೇಟಿನಲ್ಲಿ ನೀಲಿ ಅಂಗಿ ತೊಟ್ಟು ನಿಂತುಬಿಟ್ಟಿದ್ದರು. ಊರಿನ ಹೆಂಗಸರು ಸ್ಟೀಲು ಪಾತ್ರೆ ಕೊಂಡು, ಹಿತ್ತಾಳೆಯನ್ನು ಅಟ್ಟಕ್ಕೆ ಹಾಕಿ, ಗೊತ್ತಿದ್ದುದನ್ನೂ ಅದರ ಜೊತೆಗೇ ಅಟ್ಟಕ್ಕೆ ಹಾಕಿದ್ದರು.

ಹೇಳಬೇಕಿತ್ತು. ಆದರೆ ನಾನು ಹೇಳುವವಳಲ್ಲ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಹೈಸ್ಕೂಲಿಗೆ ಹಾರೋಹಳ್ಳಿಗೆ ಹೋಗಬೇಕಿತ್ತು. ಬೆಳಗಿನ ಬಸ್ಸು ಶಿಫ್ಟಿನ ಗಂಡಸರನ್ನು ತುಂಬಿಕೊಂಡು ಒಂದು ಕಡೆಗೆ ವಾಲಿಕೊಂಡು ಬರುತ್ತಿತ್ತು. ಆ ಬಸ್ಸಿಗೆ ಹೆಣ್ಣುಮಗಳನ್ನು ಹತ್ತಿಸಬೇಡಿ ಎಂದು ಊರೇ ನಮ್ಮಪ್ಪನಿಗೆ ಬುದ್ಧಿ ಹೇಳಿತು. ಇನ್ನೊಂದು ಬಸ್ಸು ಬಿಡಿ ಎಂದು ಡಿಪೋದವರಿಗೆ ಯಾರೂ ಹೇಳಲಿಲ್ಲ.

ಆ ಪಾತ್ರೆ ಅಟ್ಟದಿಂದ ಇಳಿದದ್ದು ಒಂದು ತಿಂಡಿಯ ದೆಸೆಯಿಂದ. ಎರಡು ವರ್ಷದ ಹಿಂದೆ ನಮ್ಮೂರಿನ ಕೆರೆ ಮೇಲಿನ ಹೊಲಗಳನ್ನೆಲ್ಲ ಇಂಡಸ್ಟ್ರಿಯಲ್ ಏರಿಯಾಕ್ಕೆ ತೆಗೆದುಕೊಂಡರು. ಅಲ್ಲಿ ಎದ್ದ ಫ್ಯಾಕ್ಟರಿಯವರು ನಮ್ಮ ಮಹಿಳಾ ಸಂಘಕ್ಕೆ ಒಂದು ಗ್ಯಾಸ್ ಓವನ್ ಕೊಟ್ಟರು. ಅರವತ್ತು ಎಕರೆ ಹೋಗಿ ಒಂದು ಓವನ್ ಬಂದಿತ್ತು. ಕೊಟ್ಟ ದಿನ ಓವನ್ನಿಗೆ ಹಾರ ಹಾಕಿ ಕುಂಕುಮ ಇಟ್ಟೆವು. ಭದ್ರವಾಗಿರಲಿ ಎಂದು ಸಂಘದ ಅಧ್ಯಕ್ಷರಾದ ರೇವಮ್ಮ ಅದನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಆರು ತಿಂಗಳು ಅದರೊಳಗೆ ಹಪ್ಪಳ ಬೆಚ್ಚಗಿತ್ತು.

ಆಮೇಲೆ ಫ್ಯಾಕ್ಟರಿಯ ಮನೋಹರ್ ಸಾರ್ ಬಂದರು. ಹೊರದೇಶದಿಂದ ಕಂಪನಿಯ ದೊಡ್ಡ ಮೇಡಂ ಬರುತ್ತಾರಂತೆ. ಅವರ ದೇಶದಲ್ಲಿ ಬೆಳಗಿನ ತಿಂಡಿಗೆ ಪದರು ಪದರಾದ ಪೇಸ್ಟ್ರಿ ತಿನ್ನುತ್ತಾರಂತೆ. ಒಳಗೆ ಹಣ್ಣು, ಮೇಲೆ ಹೊಳೆಯುವ ಸಕ್ಕರೆ ಪಾಕ. ಅದನ್ನು ನಮ್ಮೂರಿನ ಹೆಂಗಸರೇ ನಮ್ಮೂರಿನ ಮಾವಿನಹಣ್ಣಿನಲ್ಲಿ ಮಾಡಿಕೊಡಬೇಕು. ಮೇಡಂ ಮೆಚ್ಚಿದರೆ ಫ್ಯಾಕ್ಟರಿ ಕ್ಯಾಂಟೀನಿನ ಬೇಕರಿ ಕೆಲಸ ಸಂಘಕ್ಕೆ. ಆರು ಜನಕ್ಕೆ ಕಂಪನಿ ಲೆಕ್ಕದಲ್ಲೇ ಕೆಲಸ, ಕುತ್ತಿಗೆಗೆ ಹಾಕಿಕೊಳ್ಳುವ ಕಾರ್ಡು.

"ಅಂದ್ರೆ ಚಿರೋಟಿಗೆ ಕಡುಬಿನ ಹೊಟ್ಟೆ ಬಂದಂಗೆ," ಎಂದಳು ಅವ್ವ. ಅವಳಿಗೆ ಅಷ್ಟರಲ್ಲೇ ಅರ್ಥವಾಗಿತ್ತು. ರೇವಮ್ಮನವರ ಸೊಸೆ ನೇತ್ರಾ ಅದನ್ನು ಕಲಿಯಲು ಬೆಂಗಳೂರಿಗೆ ಹೋಗಿ ಒಂದು ವಾರ ಇದ್ದು, ಸರ್ಟಿಫಿಕೇಟು ತಂದಳು. ಅದಕ್ಕೆ ಕಟ್ಟು ಹಾಕಿಸಿ ಓವನ್ನಿನ ಮೇಲೆ ನೇತುಹಾಕಿದರು. ಮೊದಲ ಮೂರು ದಿನ ಓವನ್ನಿನಿಂದ ಬಂದದ್ದೆಲ್ಲ ಸರ್ಟಿಫಿಕೇಟಿನ ಗಾಜನ್ನು ಕಪ್ಪು ಮಾಡಿತು.

ಆರು ಹೆಸರಿನ ಪಟ್ಟಿಯಲ್ಲಿ ಐದು ಆಗಲೇ ತುಂಬಿದ್ದವು: ರೇವಮ್ಮ, ನೇತ್ರಾ, ಚಿಕ್ಕಲಕ್ಷ್ಮಮ್ಮ, ಚಿನ್ನಮ್ಮ, ನಮ್ಮವ್ವ. ಆರನೆಯ ಸಾಲು ಖಾಲಿ. ನಾನು ಹೋಗಿ ರೇವಮ್ಮನವರ ಮುಂದೆ ನಿಂತಾಗಲೆಲ್ಲ, ನಾನು ಕೇಳುವ ಮೊದಲೇ, "ನೋಡಾನ ಬುಡಮ್ಮಿ" ಎನ್ನುತ್ತಿದ್ದರು.

ಆ ಸಾಲು ನನಗೆ ಬೇಕಿತ್ತು. ಇಲ್ಲದಿದ್ದರೆ ಆಷಾಢಕ್ಕೆ ಮುಂಚೆ ರಾಮನಗರಕ್ಕೆ ಹೋಗಬೇಕು, ಸೋದರಮಾವನ ರೇಷ್ಮೆ ನೂಲು ಬಿಚ್ಚುವ ಕೊಟ್ಟಿಗೆಗೆ. ಅಲ್ಲಿ ಒಂದು ವರ್ಷ ಕುದಿನೀರಿನಲ್ಲಿ ಬೆರಳಿಟ್ಟು ಗೂಡಿನ ಎಳೆ ಹುಡುಕಿದ್ದೆ. ಬೆರಳ ತುದಿ ಸುಲಿದು, ಮುದ್ದೆ ಮುರಿದು ಬಾಯಿಗಿಟ್ಟುಕೊಂಡರೂ ಉರಿಯುತ್ತಿತ್ತು. ಮಾವ ತುಂಬ ಒಳ್ಳೆಯವರು. ಸಂಜೆ ಹಚ್ಚಿಕೊಳ್ಳಲು ಹರಳೆಣ್ಣೆ ಕೊಡುತ್ತಿದ್ದರು.

ಹಾಗಾಗಿ ರೇವಮ್ಮನವರ ಮನೆಯಲ್ಲಿ ಗುಡಿಸಿದೆ, ಸೌದೆ ಒಡೆದೆ, ಕಣ್ಣು ಬಿಟ್ಟುಕೊಂಡು ನಿಂತೆ. ಓವನ್ನಿನ ಹಿಂಭಾಗ ಮುಂಭಾಗಕ್ಕಿಂತ ಬೇಗ ಕಾಯುತ್ತದೆ, ಅರ್ಧ ಬೆಂದ ಮೇಲೆ ತಟ್ಟೆಯನ್ನು ತಿರುಗಿಸಿ ಇಡಬೇಕು ಎಂದು ಕಂಡುಕೊಂಡದ್ದು ನಾನು. ಮೇ ತಿಂಗಳ ಸೆಕೆಗೆ ಬೆಣ್ಣೆ ಕರಗಿ ಪದರೆಲ್ಲ ಅಂಟಿಕೊಳ್ಳುತ್ತಿತ್ತು. ಚಿರೋಟಿಗೆ ಹಚ್ಚುವ ಹಾಗೆ ತುಪ್ಪ, ಅಕ್ಕಿಹಿಟ್ಟು ನೊರೆ ಬರುವಂತೆ ಕಲಸಿ ಹಚ್ಚಿ ಮಡಚಿದವಳು ಅವ್ವ. ನೇತ್ರಾಳ ನೋಟ್‌ಬುಕ್ಕಿನಲ್ಲಿ ಮೇಲೆ ಹೊಳಪಿಗೆ ಮೊಟ್ಟೆ ಸವರಬೇಕು ಎಂದಿತ್ತು. ರೇವಮ್ಮನವರು ಲಿಂಗ ಕಟ್ಟಿಕೊಂಡವರು; ಆ ಪದವನ್ನು ಓವನ್ನಿನ ಮುಂದೆ ಓದಲೂ ಬಿಡಲಿಲ್ಲ. ಅವರ ಯಜಮಾನರು ಚನ್ನಲಿಂಗಪ್ಪನವರು ಚನ್ನಪಟ್ಟಣದ ಕಡೆಯವರು.

"ಹೊಳಪಿಗೆ ಮೊಟ್ಟೆ ಯಾಕ್ರೇ? ನಮ್ಮೂರಲ್ಲಿ ಬೊಂಬೆಗೆ ಹಚ್ಚಂಗೆ ಅರಗು ಹಚ್ಚಿ. ಮೇಡಮ್ಮು ತಿಂದ್ರೆ ತಿನ್ಲಿ, ಇಲ್ಲ ಶೋಕೇಸಲ್ಲಿ ಇಟ್ಕೊಳ್ಳಿ," ಎಂದರು.

ಕೊನೆಗೆ ಅವ್ವನ ಸಕ್ಕರೆ ಪಾಕವೇ ಗತಿಯಾಯಿತು. ಒಂದೆಳೆ ಪಾಕ ಹಚ್ಚಿದರೆ ನೊಣ ಅಂಟುತ್ತಿತ್ತು, ಎರಡೆಳೆಗೆ ಬಂದರೆ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತಿತ್ತು. ನಡುವೆ ಎಲ್ಲೋ ಗಾಜಿನಂತೆ ನಿಲ್ಲುವ ಒಂದು ಗಳಿಗೆ ಇತ್ತು. ಅದು ಅವ್ವನ ಎರಡು ಬೆರಳಿಗೆ ಗೊತ್ತಾಗುತ್ತಿತ್ತು. ನೇತ್ರಾ ಅದನ್ನು ನೋಟ್‌ಬುಕ್ಕಿನಲ್ಲಿ ತನ್ನ ಹೆಸರಿನ ಕೆಳಗೆ ಬರೆದುಕೊಂಡಳು.

ಹೀಗೆ ಎಲ್ಲ ಕೂಡಿಬಂದಿತ್ತು. ಆದರೆ ರೇವಮ್ಮನವರ ಮನೆಯಲ್ಲಿ ಒಂದು ಕಟ್ಟಳೆ: ದೇವರಿಗೆ ಎಡೆ ಇಡುವ ಮೊದಲು, ಮನೆಗೆ ಬಂದವರಿಗೆ ಬಡಿಸುವ ಮೊದಲು, ಅಡಿಗೆ ಮಾಡಿದವರು ನಾಲಿಗೆಗೆ ಇಡಬಾರದು. ಇಟ್ಟರೆ ಎಂಜಲು. ಉಪ್ಪು ಸರಿಯಿದೆಯೇ ಎಂದು ಅವರು ಮೂಗಿನಲ್ಲಿ ನೋಡುತ್ತಿದ್ದರು. ಚನ್ನಲಿಂಗಪ್ಪನವರು ಮೂವತ್ತು ವರ್ಷದಿಂದ ಆ ಮೂಗು ಹೇಳಿದಷ್ಟು ಉಪ್ಪನ್ನು ಮುಖ ಬದಲಿಸದೆ ಉಂಡವರು. ದಿನವೂ ಮಾಡಿದ ಪೇಸ್ಟ್ರಿಗಳನ್ನು ಮೊದಲು ದೇವರ ಮುಂದಿಟ್ಟು ಆಮೇಲೆ ನಾವು ತಿನ್ನುತ್ತಿದ್ದೆವು. ಆಗೆಲ್ಲ ಹೂರಣ ಮಾಡಿದ್ದು ಸ್ಟೀಲು ಬಾಣಲೆಯಲ್ಲಿ, ಚೆನ್ನಾಗಿಯೇ ಇತ್ತು. ಮೇಡಂ ಬರುವ ದಿನಕ್ಕೆ ಮಾತ್ರ ರೇವಮ್ಮನವರಿಗೆ ತಮ್ಮ ತಾಯಿ ಕೊಟ್ಟ ಹಿತ್ತಾಳೆ ಪಾತ್ರೆಯೇ ಬೇಕಾಯಿತು. ಫೋಟೋಕ್ಕೆ ಚೆಂದ.

ಹೂರಣವನ್ನು ಹಿಂದಿನ ಸಂಜೆಯೇ ಮಾಡಿಟ್ಟರು. ಹಣ್ಣು ಒಸಿ ಹುಳಿ ಇರಬೇಕು ಎಂದು ನೇತ್ರಾಳ ನೋಟ್‌ಬುಕ್ಕು ಹೇಳಿದ್ದರಿಂದ ದೋರೆಗಾಯಿ ಹೋಳು, ಅದು ಸಾಲದೆಂದು ನಾಲ್ಕು ನಿಂಬೆಹಣ್ಣು. ಮೇಲೆ ಬಾಳೆಲೆ ಮುಚ್ಚಿ, ನಾನು ತಿಕ್ಕಿಕೊಟ್ಟ ಆ ಪಾತ್ರೆಯಲ್ಲೇ ಬೆಳಗಿನವರೆಗೂ ಬಿಟ್ಟರು.

ಬೆಳಗ್ಗೆ ಐದೂವರೆಗೆ ಓವನ್ ಕಾಯಿಸಲು ನಾನು ಹೋದೆ. ರೇವಮ್ಮ ಸ್ನಾನಕ್ಕೆ ಹೋಗಿದ್ದರು, ನೇತ್ರಾ ಜಡೆ ಹಾಕಿಕೊಳ್ಳುತ್ತಿದ್ದಳು. ಬಾಳೆಲೆ ಎತ್ತಿದೆ. ಪಾತ್ರೆಯ ಅಂಚಿಗೆ ಸುತ್ತಲೂ ಬೆರಳಗಲ ಹಸುರು ಕಟ್ಟಿತ್ತು. ಅತ್ತಿತ್ತ ನೋಡಿ, ಕಿರುಬೆರಳಲ್ಲಿ ಒಂದು ಚೂರು ತೆಗೆದು ನಾಲಿಗೆಗಿಟ್ಟೆ. ಬಾವಿಯ ಹಳೇ ರಾಟೆಯನ್ನು ನೆಕ್ಕಿದ ಹಾಗಾಯಿತು. ಹಿತ್ತಲಿಗೆ ಓಡಿ ಉಗಿದು ಬಂದೆ.

ಅಷ್ಟು ಹೊತ್ತಿಗೆ ಎಲ್ಲರೂ ಬಂದರು. ರೇವಮ್ಮ ರೇಷ್ಮೆ ಸೀರೆ ಉಟ್ಟಿದ್ದರು. ಫ್ಯಾಕ್ಟರಿಯವರು ದೇವರಿಗೆ ಸಮ ಎಂದು ಅವರು ಯಾವಾಗಲೂ ಹೇಳುತ್ತಿದ್ದರು. ಅವತ್ತು ಸೀರೆಯೂ ಅದನ್ನೇ ಹೇಳುತ್ತಿತ್ತು.

"ಅಮ್ಮೋರೆ," ಎಂದೆ, "ಹೂರಣದ ಬಣ್ಣ ಒಂಥರಾ ಐತೆ."

ರೇವಮ್ಮ ಬಗ್ಗಿ ನೋಡಿದರು. "ಏಲಕ್ಕಿ ಕಣಮ್ಮಿ. ಏಲಕ್ಕಿ ಹಸುರಲ್ವಾ?"

"ಅಂಚಿಗೆ ಮಾತ್ರ ಹಸುರೈತೆ."

"ಏಲಕ್ಕಿ ಹಗುರ. ಅಂಚಿಗೆ ಹೋಯ್ತದೆ," ಎಂದಳು ನೇತ್ರಾ. ಸರ್ಟಿಫಿಕೇಟು ಇದ್ದವರು ಹೇಳಿದ ಮೇಲೆ ಏಲಕ್ಕಿ ಅಂಚಿಗೆ ಹೋಗಲೇಬೇಕು.

ಚಿಕ್ಕಲಕ್ಷ್ಮಮ್ಮ ಮೂಗಿಟ್ಟು ನೋಡಿದಳು. "ವಾಸ್ನೆ ಗಮ್ ಅಂತೈತೆ."

ಚಿನ್ನಮ್ಮನೂ ಮೂಗಿಟ್ಟಳು. "ಒಸಿ ಹಿತ್ತಾಳೆ ಹಿತ್ತಾಳೆ ಅಂದಂಗಾಯ್ತದೆ ಕಣಕ್ಕ."

"ಹಿತ್ತಾಳೆ ಪಾತ್ರೇಲಿ ಹಿತ್ತಾಳೆ ವಾಸ್ನೆ ಬರ್ದೆ ಮಲ್ಲಿಗೆ ವಾಸ್ನೆ ಬತ್ತದಾ?" ಎಂದರು ರೇವಮ್ಮ.

ನಾಲ್ಕು ಹೆಂಗಸರು ಪಾತ್ರೆಯ ಸುತ್ತ ನಿಂತು ನೋಡಿದರು, ಮೂಸಿದರು, ಪಾತ್ರೆಯನ್ನು ಬೆಳಕಿಗೆ ತಿರುಗಿಸಿದರು, ಸೌಟಿನಲ್ಲಿ ಎತ್ತಿ ಬಿಟ್ಟರು. ನಾಲ್ಕು ಬಾಯಿ ಇದ್ದವು. ನಾಲ್ಕೂ ಮಾತಾಡುತ್ತಿದ್ದವು. ಒಂದು ಚೂರು ಒಳಗೆ ಹೋಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಅವ್ವ ಮಾತ್ರ ಪಾತ್ರೆ ನೋಡುತ್ತಿರಲಿಲ್ಲ, ನನ್ನ ಕಿರುಬೆರಳು ನೋಡುತ್ತಿದ್ದಳು. ಹತ್ತಿರ ಬಂದು ಸೆರಗಿನ ಮರೆಯಲ್ಲಿ ತೋಳು ಚಿವುಟಿದಳು.

"ಬಾಯ್ ಮುಚ್ಕಂಡಿರು ಕೂಸೆ. ಮಾವನ ಮನೆ ಬಿಸ್ನೀರು ನೆಪ್ಪೈತೋ ಇಲ್ವೋ?"

ನೆನಪಿತ್ತು. ಆದರೆ ಆ ಹೂರಣ ತಿಂದು ಮೇಡಂ ಉಗಿದರೆ ಆರನೆಯ ಹೆಸರಿರಲಿ, ಮೊದಲನೆಯ ಹೆಸರೂ ಉಳಿಯುವುದಿಲ್ಲ. ಉಗಿಯದೆ ಮರ್ಯಾದೆಗೆ ನುಂಗಿದರೆ ಇನ್ನೂ ಕಷ್ಟ. ಕಿಲುಬು ತಿಂದವರ ಹೊಟ್ಟೆ ಏನಾಗುತ್ತದೆ ಎಂದು ನನಗೆ ಗೊತ್ತು. ಯಾವುದೋ ದೇಶದಿಂದ ವಿಮಾನ ಹತ್ತಿ ಬಂದ ಹೆಂಗಸು ನಮ್ಮ ಗದ್ದೆಬಯಲಲ್ಲಿ ಚೊಂಬು ಹಿಡಿದು ಓಡುವುದನ್ನು ನೆನೆಸಿಕೊಂಡೆ.

"ಕಹಿ ಐತೆ ಅಮ್ಮೋರೆ," ಎಂದೆ.

"ನಿಂಗೆಂಗೆ ಗೊತ್ತು?"

ಕಿರುಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡೆ.

"ಹೇಳಮ್ಮಿ. ನಿಂಗೆಂಗೆ ಗೊತ್ತು?"

"ನಾಲ್ಗೆಗಿಟ್ಟೆ."

ಎಷ್ಟು ಕಹಿ ಎಂದು ಯಾರೂ ಕೇಳಲಿಲ್ಲ. ಯಾವ ಬೆರಳಲ್ಲಿ ಎಂದು ಕೇಳಿದರು. ಒಂದೇ ಸಲವೋ, ನಾಲಿಗೆಗಿಟ್ಟ ಬೆರಳನ್ನೇ ಮತ್ತೆ ಅದ್ದಿದೆಯೋ ಎಂದು ಕೇಳಿದರು. ರೇವಮ್ಮ ಗೋಡೆಗೆ ಕೈಕೊಟ್ಟು ನಿಂತರು.

"ಬಂದೋರಿಗೆ ಎಂಜ್ಲು ಬಡ್ಸೋ ಗತಿ ತಂದ್ಬುಟ್ಟಲ್ಲೇ! ನಮ್ಮವ್ವನ ಪಾತ್ರೆ ಅದು. ಕಾವೇರಮ್ಮ, ಇದಾ ನೀ ಮಗಳ ಬೆಳ್ಸಿರೋ ಚೆಂದ?"

"ಬುದ್ಧಿ ಇಲ್ಲ ಕಣ್ರಮ್ಮಾ ಅದ್ಕೆ," ಎಂದಳು ಅವ್ವ. ಅವಳ ಹೆಸರು ಐದನೆಯ ಸಾಲಿನಲ್ಲಿತ್ತು, ಪೆನ್ಸಿಲ್ಲಿನಲ್ಲಿ.

ಹೀಗೆ ಕಹಿ ಎಂಬ ಕಾರಣಕ್ಕೆ ಚೆಲ್ಲದಿದ್ದ ಹೂರಣವನ್ನು ಎಂಜಲೆಂದು ಚೆಲ್ಲಿದರು. ಮೇಡಮ್ಮನ ಹೊಟ್ಟೆಯನ್ನು ಉಳಿಸಿದ್ದು ನನ್ನ ಉಗುಳು. ಅಷ್ಟನ್ನೂ ಎಮ್ಮೆಯ ಬಾನಿಗೆ ಸುರಿದರು. ಎಮ್ಮೆ ಒಂದು ಸಲ ನಾಲಿಗೆ ಚಾಚಿ, ತಲೆ ಕೊಡವಿ, ಹಗ್ಗ ಇರುವಷ್ಟು ದೂರ ಹಿಂದಕ್ಕೆ ಹೋಯಿತು. ಜಗಲಿಯ ಮೇಲಿದ್ದ ಚನ್ನಲಿಂಗಪ್ಪನವರು ಅದನ್ನು ನೋಡಿ ಒಳಗೆ ಕೂಗಿದರು.

"ಲೇ ಇವ್ಳೇ, ಎಮ್ಮೆನೂ ಒಲ್ಲೆ ಅಂತದಲ್ಲೇ!"

"ಎಂಜ್ಲು ಅಂತ ಅದ್ಕೂ ಗೊತ್ತಾಗದೆ," ಎಂದರು ರೇವಮ್ಮ.

ನಾನು ಪಾತ್ರೆಯನ್ನು ಮತ್ತೆ ತಿಕ್ಕಿಕೊಟ್ಟೆ. ಅದಕ್ಕೆ ನನ್ನ ಕೈ ನಡೆಯುತ್ತಿತ್ತು. ಆಮೇಲೆ ಹೊಸಿಲ ಈಚೆಗೆ ಬರಬೇಡ ಎಂದರು. ಅಡಿಗೆಮನೆಯ ಕಿಟಕಿಯ ಹೊರಗೆ, ಸೌದೆ ಒಟ್ಟಿದ ಕಡೆ ಹೋಗಿ ನಿಂತೆ.

ಆರೂಕಾಲು ಆಗಿತ್ತು. ಮನೋಹರ್ ಸಾರ್ ಎಂಟಕ್ಕೆ ಬರುತ್ತೇವೆ ಎಂದಿದ್ದರು. ದೋರೆಗಾಯಿ ಮುಗಿದಿತ್ತು, ಮೇಡಮ್ಮನಿಗೆ ಬುಟ್ಟಿಯಲ್ಲಿ ಕೊಡಲು ಇಟ್ಟಿದ್ದ ಕಳಿತ ಬಾದಾಮಿ ಮಾವಿನಹಣ್ಣುಗಳಷ್ಟೇ ಉಳಿದಿದ್ದವು. ನೇತ್ರಾ ನೋಟ್‌ಬುಕ್ಕಿನ ಹಾಳೆಗಳನ್ನು ಹಿಂದಕ್ಕೂ ಮುಂದಕ್ಕೂ ತಿರುವಿದಳು. ಕಳಿತ ಹಣ್ಣು ನೀರು ಬಿಟ್ಟರೆ ಏನು ಮಾಡಬೇಕು ಎಂದು ಅದರಲ್ಲಿ ಇರಲಿಲ್ಲ.

"ಸ್ಟೀಲು ಬಾಣ್ಲೇಲಿ ನೀರಿಂಗೋಗಂಟ ಬಾಡ್ಸಿ ಅಕ್ಕ. ಒಂದು ಚಮ್ಚ ಅಕ್ಕಿಹಿಟ್ಟು ಉದುರ್ಸಿ. ಗಟ್ಟಿ ಆಯ್ತದೆ," ಎಂದೆ ಕಿಟಕಿಯ ಸರಳಿಗೆ ಮುಖ ಇಟ್ಟು.

ನೇತ್ರಾ ನನ್ನ ಕಡೆ ತಿರುಗಲಿಲ್ಲ. ಬಾಣಲೆ ಇಟ್ಟಳು, ಬಾಡಿಸಿದಳು, ಒಂದು ಚಮಚ ಅಕ್ಕಿಹಿಟ್ಟು ಉದುರಿಸಿದಳು. ಅವ್ವ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಮಡಚಿ, ಮತ್ತೆ ಲಟ್ಟಿಸಿ, ಚೌಕ ಕತ್ತರಿಸಿದಳು. ಚಿಕ್ಕಲಕ್ಷ್ಮಮ್ಮ ನಡುವೆ ಹೂರಣ ಇಟ್ಟು ನಾಲ್ಕು ಮೂಲೆ ಒಳಕ್ಕೆ ಮಡಚಿದಳು. ತಟ್ಟೆ ಓವನ್ನಿಗೆ ಹೋಯಿತು. ನಾನು ವಾಸನೆ ಕಾಯುತ್ತ ನಿಂತೆ. ತುಪ್ಪದ ವಾಸನೆ ಹೋಗಿ ಸುಟ್ಟ ಹಿಟ್ಟಿನ ವಾಸನೆ ಶುರುವಾಗುವ ಹೊತ್ತಿಗೆ, "ಈಗ ತಿರುಗ್ಸಿ ಅಕ್ಕ," ಎಂದೆ. ತಟ್ಟೆ ತಿರುಗಿತು. ನನ್ನ ಕೈ ಎಂಜಲು, ಬಾಯಿ ಎಂಜಲು. ಬಾಯಿಂದ ಹೊರಟ ಮಾತಿಗೆ ಮಾತ್ರ ಎಂಜಲಿಲ್ಲ ಎಂದು ಅವತ್ತು ಗೊತ್ತಾಯಿತು.

ಪೇಸ್ಟ್ರಿಗಳು ಉಬ್ಬಿ, ಪದರು ಬಿಚ್ಚಿಕೊಂಡು, ಬೆಲ್ಲದ ಬಣ್ಣಕ್ಕೆ ಬಂದವು. ಬಿಸಿ ಇರುವಾಗಲೇ ಅವ್ವ ಮೇಲೆ ಪಾಕ ಸವರಿದಳು. ಆರುತ್ತ ಆರುತ್ತ ಒಂದೊಂದೂ ಗಾಜು ಹೊದ್ದುಕೊಂಡ ಹಾಗೆ ಮಿರುಗಿತು. ಕಿಟಕಿಯಿಂದ ಎಣಿಸಿದೆ. ಮೂವತ್ತಾರು. ಯಾರಾದರೂ ಒಂದು ಮುರಿದು ಬಾಯಿಗೆ ಹಾಕಿಕೊಳ್ಳುತ್ತಾರೇನೋ ಎಂದು ನೋಡಿದೆ. ಅಷ್ಟೆಲ್ಲ ಆದ ಮೇಲೂ ಮೂಸಿಯೇ ನೋಡಿದರು.

ಎಂಟೂವರೆಗೆ ಎರಡು ಕಾರು ಬಂದವು. ಮೇಡಂ ಬಾಗಿಲಿಗಿಂತ ಎತ್ತರವಿದ್ದರು. ಬಗ್ಗಿ ಒಳಗೆ ಬಂದರು. ರೇವಮ್ಮ ಆರತಿ ಎತ್ತಿದರು, ಹಾರ ಹಾಕಿದರು. ಹಿತ್ತಾಳೆ ಪಾತ್ರೆಯನ್ನು ಮೇಜಿನ ನಡುವೆ ಇಟ್ಟು ತುಂಬ ಕನಕಾಂಬರ ಹಾಕಿದ್ದರು. ಮೇಡಂ ಒಂದು ಪೇಸ್ಟ್ರಿ ಎತ್ತಿ ಕಚ್ಚಿದರು. ಪದರಿನ ಚೂರುಗಳು ಅವರ ಕರೀ ಕೋಟಿನ ಮೇಲೆ ಉದುರಿದವು. ಕಣ್ಣು ಮುಚ್ಚಿ ಅಗಿದರು. ಎರಡನೆಯದು ತಗೊಂಡರು. ಮೂರನೆಯದನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ಕೈಚೀಲದೊಳಗೆ ಇಟ್ಟುಕೊಂಡರು. ಇಂಗ್ಲಿಷಿನಲ್ಲಿ ಏನೋ ಹೇಳಿದರು.

"ಮೇಡಂಗೆ ತುಂಬಾ ಇಷ್ಟ ಆಯ್ತಂತೆ," ಎಂದರು ಮನೋಹರ್ ಸಾರ್. "ಅವರ ತಾಯಿ ಮಾಡ್ತಿದ್ದ ಹಾಗೇ ಇದೆಯಂತೆ."

"ಎಲ್ಲ ನಮ್ಮವ್ವನ ಪಾತ್ರೆ ಪುಣ್ಯ ಸಾರ್," ಎಂದರು ರೇವಮ್ಮ.

ಮನೋಹರ್ ಸಾರ್ ಒಂದು ಫಾರಂ ತೆಗೆದು ಮೇಜಿನ ಮೇಲಿಟ್ಟರು. ನಾನು ಕಿಟಕಿ ಬಿಟ್ಟು ಮುಂಬಾಗಿಲಿಗೆ ಬಂದು ಹೊಸಿಲ ಹತ್ತಿರ ನಿಂತೆ.

"ಮೇಡಂ ಇನ್ನೊಂದು ವಿಷಯ ಕೇಳ್ತಿದಾರೆ," ಎಂದರು ಮನೋಹರ್ ಸಾರ್. "ಪ್ರತಿ ಬ್ಯಾಚ್ ಹೊರಗೆ ಕಳಿಸೋ ಮುಂಚೆ ಟೇಸ್ಟ್ ಮಾಡೋದು ಯಾರು? ನಮ್ ಕಂಪನೀಲಿ ಟೇಸ್ಟ್ ಮಾಡ್ದೆ ಏನೂ ಹೊರಗೆ ಹೋಗಂಗಿಲ್ಲ. ರೂಲ್ಸು. ಅವರ ಹೆಸರು ಇಲ್ಲಿ ಬೇರೆ ಬರೀಬೇಕು."

ಚಿಕ್ಕಲಕ್ಷ್ಮಮ್ಮ ಕನಕಾಂಬರ ನೋಡಿದಳು. ಅವ್ವ ಪಾಕ ಅಂಟಿದ ಬೆರಳುಗಳನ್ನು ಒಂದಕ್ಕೊಂದು ಉಜ್ಜಿದಳು. ರೇವಮ್ಮನವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ನಮ್ ಸೊಸೆ ಸಾರ್, ನೇತ್ರಾವತಿ. ಸರ್ಟಿಫಿಕೇಟ್ ಐತೆ."

"ಇವತ್ತೂ ನೀವೇ ಟೇಸ್ಟ್ ಮಾಡಿದ್ರಾ ನೇತ್ರಾವತಿಯವರೇ?"

"ಹೂ ಸಾರ್. ಇವತ್ತೂ," ಎಂದಳು ನೇತ್ರಾ. ಕಿವಿ ಕೆಂಪಗಾಗಿತ್ತು.

"ರುಚಿ ನೋಡ್ದೆ ಕೊಡಾಕಾಯ್ತದಾ ಸಾರ್?" ಎಂದರು ರೇವಮ್ಮ. "ನಮ್ಮನೇಲಿ ಮೊದ್ಲಿಂದ್ಲೂ ಹಂಗೇಯ."

ಒಳಗಿನ ಕೋಣೆಯಲ್ಲಿ ಚನ್ನಲಿಂಗಪ್ಪನವರಿಗೆ ಕೆಮ್ಮು ಬಂತು.

ಮನೋಹರ್ ಸಾರ್ ಬರೆದುಕೊಂಡರು. ಪೆನ್ಸಿಲ್ಲಿನ ಪಟ್ಟಿಯಲ್ಲಿದ್ದ ಐದು ಹೆಸರನ್ನೂ ಪೆನ್ನಿನಲ್ಲಿ ಫಾರಮ್ಮಿಗೆ ಇಳಿಸಿದರು. "ಆರನೇದು ಖಾಲಿ ಇದೆಯಲ್ಲಾ?"

"ತಿಪ್ಪಸಂದ್ರದಿಂದ ನಮ್ಮಣ್ಣನ ಮಗಳು ಬತ್ತಾಳೆ ಸಾರ್, ಇಲ್ಲೇ ಇರ್ತಾಳೆ. ಕೈ ಶುದ್ಧ."

ಹೊಸಿಲು ದಾಟಿದೆ. ಅವ್ವ ಬೇಡ ಎಂದು ತಲೆಯಾಡಿಸಿದ್ದು ಕಂಡಿತು. ನಡುಮನೆಯವರೆಗೆ ಬಂದೆ.

"ಸಾರ್, ರುಚಿ ನೋಡ್ದೋಳು ನಾನು," ಎಂದೆ.

ದನಿ ಸಣ್ಣದಾಗಿರಬೇಕು. ಅವರ ಜೊತೆ ಬಂದಿದ್ದ ಫೋಟೋದವನು ಎಲ್ಲರನ್ನೂ ಪಾತ್ರೆಯ ಹಿಂದಕ್ಕೆ ಸಾಲಾಗಿ ನಿಲ್ಲಿಸುತ್ತಿದ್ದ. ಮೇಡಂ ನಕ್ಕರು, ನನ್ನನ್ನು ನೋಡಿಯೇ ನಕ್ಕರು. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಕನ್ನಡ ಬರುತ್ತಿದ್ದವರೆಲ್ಲ ಕ್ಯಾಮೆರಾ ನೋಡುತ್ತಿದ್ದರು. ಮನೋಹರ್ ಸಾರ್ ಪೆನ್ನಿಗೆ ಕ್ಯಾಪು ಹಾಕಿ ಜೇಬಿಗೆ ಸಿಕ್ಕಿಸಿ ಸಾಲಿನ ಕೊನೆಗೆ ಹೋಗಿ ನಿಂತರು. ಫಾರಂ ಮೇಜಿನ ಮೇಲೆಯೇ ಇತ್ತು. ಆರನೆಯ ಸಾಲಿನಲ್ಲಿ ಇನ್ನೂ ಏನೂ ಬರೆದಿರಲಿಲ್ಲ.

ಈ ಸಲ ಸ್ವಲ್ಪ ಗಟ್ಟಿಯಾಗಿ ಹೇಳಿದೆ.

"ನನ್ನೆಸ್ರು ಭಾನುಪ್ರಿಯ ಸಾರ್. ಬರ್ಕಳಿ."